ಬಿದ್ದ ಬೆನ್ನು, ಸವೆದ ಬೆನ್ನು

ಕಬ್ಬಿನ ಸಿಪ್ಪೆಯ ದೂಳು ಕುಡಿದು ಬರುವ ಶ್ವಾಸಕೋಶದ ಕಾಯಿಲೆಗೆ ಬ್ಯಾಗಸೋಸಿಸ್ ಎಂದು ಹೆಸರು. ಭಾರತದ ಕಾರ್ಮಿಕ ಪರಿಹಾರ ಕಾನೂನು ಅದನ್ನು ಕಸುಬಿನ ರೋಗಗಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿದೆ. ಸಕ್ಕರೆ ಕಾರ್ಖಾನೆಯ ನೌಕರನಿಗೆ ಆ ಕಾಯಿಲೆ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಕಾನೂನು ಎಣಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಮಾಲೀಕನದು. ಅದೇ ಕಬ್ಬನ್ನು ಗದ್ದೆಯಲ್ಲಿ ಬಗ್ಗಿ ಕಡಿದು, ಹೊರೆ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಹಲಗೆ ಹತ್ತಿ ಟ್ರ್ಯಾಕ್ಟರಿಗೆ ತುಂಬುವವರ ಸೊಂಟ ಹದಿನೈದು ವರ್ಷಕ್ಕೆ ಕೈಕೊಟ್ಟರೆ ಆ ಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ. ಹೊರೆ ಹೊತ್ತು ಹತ್ತುವಾಗ ಹಲಗೆ ಜಾರಿ ಬಿದ್ದು ಬೆನ್ನುಮೂಳೆ ಮುರಿದರೆ ಮಾತ್ರ ಪರಿಹಾರದ ಮಾತು ಏಳುತ್ತದೆ. ಬಿದ್ದ ಬೆನ್ನು ಕಾನೂನಿನ ಕಣ್ಣಿಗೆ ಕಾಣುತ್ತದೆ, ಸವೆದ ಬೆನ್ನು ಕಾಣುವುದಿಲ್ಲ. ಈ ಭೇದ ವೈದ್ಯವಿಜ್ಞಾನ ಹೇಳಿಕೊಟ್ಟದ್ದಲ್ಲ. ನೂರು ವರ್ಷಕ್ಕೂ ಹಿಂದಿನ ಕೆಲವು ತೀರ್ಪುಗಳಿಂದ ಬಂದು ನಮ್ಮಲ್ಲಿ ಹಾಗೇ ಉಳಿದುಕೊಂಡದ್ದು. ಬೆನ್ನಿನ ಕಾಯಿಲೆಗೆ ಪರಿಹಾರದ ಅರ್ಹತೆಯನ್ನು ‘ಯಾವತ್ತು ಏನಾಯಿತು’ ಎಂಬ ಪ್ರಶ್ನೆಯಿಂದ ಬಿಡಿಸಿ ‘ಎಷ್ಟು ಭಾರ, ಎಷ್ಟು ವರ್ಷ’ ಎಂಬ ಪ್ರಶ್ನೆಗೆ ಕಟ್ಟಬೇಕು ಎಂಬುದು ಈ ಲೇಖನದ ವಾದ.

ಈ ಭಾರ ಹೊರುವವರು ಯಾರೆಂದು ಮೊದಲು ನೋಡೋಣ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಪ್ರತಿ ಫೆಬ್ರುವರಿಯ ನಡುವೆ ಸಂತ ಸೇವಾಲಾಲರ ಜಯಂತಿಗೆ ನಾಡಿನ ಮೂಲೆಮೂಲೆಯ ಬಂಜಾರರು ಸೇರುತ್ತಾರೆ. ಕಬ್ಬು ಕಡಿಯುವ ಹಂಗಾಮು ಜೋರಾಗಿರುವುದೂ ಆಗಲೇ. ಈ ಸೀಮೆಯ ತಾಂಡಾಗಳಿಂದ ಕಬ್ಬಿನ ಗದ್ದೆಗೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುವುದು ಹಳೆಯ ಮಾತು. ಒಂದು ಕಾಲಕ್ಕೆ ಈ ಸಮುದಾಯದ ಕಸುಬೇ ಸಾಗಣೆಯಾಗಿತ್ತು. ಉಪ್ಪು, ದವಸಗಳ ಹೇರು ಇದ್ದದ್ದು ಎತ್ತುಗಳ ಬೆನ್ನ ಮೇಲೆ. ರಸ್ತೆ, ರೈಲು ಬಂದು ಆ ಕಸುಬು ಕಳೆದ ಮೇಲೆ ಹೇರು ಮನುಷ್ಯರ ಬೆನ್ನಿಗೆ ಬಂತು. ಊರಲ್ಲೇ ಉಳಿದವರ ಕೆಲಸವೂ ಹಗುರವೇನಲ್ಲ. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ನಲವತ್ತು, ಐವತ್ತು ಅಡಿ ಮರ ಹತ್ತುವವರಿದ್ದಾರೆ, ಉದ್ದನೆಯ ದೋಟಿ ಹಿಡಿದು ದಿನವಿಡೀ ಕತ್ತು ಮೇಲೆತ್ತಿ ಗೊನೆ ಇಳಿಸುವವರಿದ್ದಾರೆ, ಆ ಗೊನೆಗಳನ್ನು ಹೊತ್ತು ಸಾಲಿನಿಂದಾಚೆ ಹಾಕುವವರಿದ್ದಾರೆ. ಸುಲಿಯುವ ಯಂತ್ರ ಬಾರದ ಕಡೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಬಾಗಿ ಕೂರುತ್ತಾರೆ. ಹೊನ್ನಾಳಿಯ ಭದ್ರಾ ನಾಲೆಯ ಕೆಳಗೆ ಭತ್ತದ ನಾಟಿಯೆಂದರೆ ಬೆಳಗಿಂದ ಸಂಜೆಯವರೆಗೆ ಸೊಂಟ ಬಗ್ಗಿಸಿಯೇ ಇರುವ ಕೆಲಸ. ಜಗಳೂರಿನ ಮೆಕ್ಕೆಜೋಳ, ಈರುಳ್ಳಿ ಮಾರುಕಟ್ಟೆ ಸೇರುವುದು ಹಮಾಲರ ಹೆಗಲ ಮೇಲೆ. ಇವರಲ್ಲಿ ಬೆನ್ನು ಕೆಡುವುದು ಮೂರು ಬಗೆಯಲ್ಲಿ: ಮರದಿಂದಲೋ ಲಾರಿಯಿಂದಲೋ ಬಿದ್ದು ಮೂಳೆ ಮುರಿಯುವುದು, ಬೆನ್ನುಹುರಿಗೇ ಪೆಟ್ಟಾಗುವುದು ಒಂದು, ಚೀಲ ಎತ್ತುವ ಗಳಿಗೆಯಲ್ಲಿ ಸೊಂಟ ಹಿಡಿದುಕೊಂಡು ಕಾಲಿಗೆ ಚಳುಕು ಇಳಿಯುವುದು ಇನ್ನೊಂದು, ಯಾವ ಗಳಿಗೆಯನ್ನೂ ಬೊಟ್ಟು ಮಾಡಲಾಗದಂತೆ ವರ್ಷಗಳ ಮೇಲೆ ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ಸವೆದು, ನರ ಒತ್ತಿ, ಭಾರ ಹೊರುವ ಶಕ್ತಿಯೇ ಹೋಗುವುದು ಮೂರನೆಯದು. ಪರಿಹಾರದ ಬಾಗಿಲು ಮೊದಲನೆಯವರಿಗೆ ತೆರೆದಿದೆ, ಎರಡನೆಯವರಿಗೆ ಅರ್ಧ ತೆರೆದಿದೆ. ಮೂರನೆಯವರಿಗೆ ಮುಚ್ಚಿದೆ. ಹೆಚ್ಚು ಜನ ಇರುವುದು ಮೂರನೆಯ ಸಾಲಿನಲ್ಲಿ.

ಈ ಬಾಗಿಲುಗಳನ್ನು ಕಟ್ಟಿದ ಬಗೆ ನೋಡಬೇಕು. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜಿನಿ 1700ರಲ್ಲೇ ಕಸುಬುಗಳ ಕಾಯಿಲೆಗಳ ಕುರಿತ ತನ್ನ ಪುಸ್ತಕದಲ್ಲಿ ಹೊರೆಯಾಳುಗಳ ಮೈ ಹೇಗೆ ಕೆಡುತ್ತದೆಂದು ಬರೆದಿದ್ದ. ಅಂದರೆ ಭಾರ ಬೆನ್ನನ್ನು ಕೆಡಿಸುತ್ತದೆ ಎಂಬುದು ಹೊಸ ಶೋಧವಲ್ಲ. ಹೊಸತು ಅದಕ್ಕೆ ಹಣ ಕೊಡಬೇಕೆಂಬ ವಿಚಾರ. ಜರ್ಮನಿ 1884ರಲ್ಲಿ ಅಪಘಾತ ವಿಮೆಯ ಕಾನೂನು ಮಾಡಿತು, ಬ್ರಿಟನ್ 1897ರಲ್ಲಿ ಕಾರ್ಮಿಕ ಪರಿಹಾರದ ಕಾನೂನು ತಂದಿತು. ಎರಡರ ಹೃದಯದಲ್ಲೂ ಇದ್ದದ್ದು ‘ಅಪಘಾತ’. ಅಪಘಾತವೆಂದರೆ ಏನು ಎಂಬ ಜಗಳ 1903ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಮುಂದೆ ಬಂತು. ಫೆಂಟನ್ ವಿರುದ್ಧ ಥಾರ್ಲಿ ಎಂಬ ಆ ಪ್ರಕರಣದಲ್ಲಿ ಕೆಲಸಗಾರನೊಬ್ಬ ಯಂತ್ರದ ಬಿಗಿಯಾದ ಚಕ್ರ ತಿರುಗಿಸಲು ತಿಣುಕಿದಾಗ ಹೊಟ್ಟೆಯ ಒಳಪದರ ಹರಿದು ಹರ್ನಿಯಾ ಆಯಿತು. ಯಂತ್ರ ಮುರಿದಿರಲಿಲ್ಲ, ಅವನು ಜಾರಿರಲೂ ಇಲ್ಲ; ಮಾಮೂಲಿ ಕೆಲಸವನ್ನೇ ಮಾಡುತ್ತಿದ್ದ. ಹಾಗಿದ್ದರೂ ಎದುರು ನೋಡದೆ ಒದಗಿದ ಕೇಡು ಅಪಘಾತವೇ ಎಂದು ಲಾರ್ಡ್ಸ್ ತೀರ್ಮಾನಿಸಿದರು. ಹೊರಗೆ ಏನೂ ಮುರಿಯಬೇಕಿಲ್ಲ, ಮೈಯೊಳಗೆ ಮುರಿದರೂ ಸಾಕು ಎಂದಾಯಿತು. 1910ರಲ್ಲಿ ಅದೇ ಸಭೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ನಟ್ಟು ಬಿಗಿಮಾಡುವಾಗ ರಕ್ತನಾಳ ಒಡೆದು ಸತ್ತವನ ನಾಳ ಮೊದಲೇ ರೋಗಗ್ರಸ್ತವಾಗಿತ್ತು, ಆದರೂ ಪರಿಹಾರ ಸಲ್ಲಬೇಕೆಂದಿತು. ಚೀಲ ಎತ್ತುವಾಗ ಡಿಸ್ಕು ಜಾರಿದವರಿಗೆ ಇವತ್ತು ಏನಾದರೂ ಆಸರೆಯಿದ್ದರೆ ಅದು ಈ ಎರಡು ತೀರ್ಪುಗಳ ತರ್ಕದಿಂದ ಬಂದದ್ದು.

ಆದರೆ ಇದೇ ತರ್ಕಕ್ಕೆ ಒಂದು ಗೋಡೆಯೂ ಇತ್ತು. ಸೀಸದ ವಿಷ ದಿನದಿನವೂ ಮೈಗೆ ಸೇರಿ ಕಾಯಿಲೆಯಾದವನಿಗೆ ‘ಯಾವ ದಿನ ಅಪಘಾತವಾಯಿತು’ ಎಂದು ತೋರಿಸಲಾಗದೆ 1905ರಲ್ಲಿ ಪರಿಹಾರ ಸಿಗಲಿಲ್ಲ. ಈ ಅನ್ಯಾಯಕ್ಕೆ ಮದ್ದಾಗಿ ಬ್ರಿಟನ್ 1906ರ ಕಾನೂನಿನಲ್ಲಿ ಆರು ಕಸುಬಿನ ರೋಗಗಳ ಪಟ್ಟಿ ಸೇರಿಸಿತು. ಅಲ್ಲಿಂದ ಮುಂದೆ ಎರಡೇ ದಾರಿ: ಥಟ್ಟನೆ ಆದದ್ದಕ್ಕೆ ಅಪಘಾತದ ದಾರಿ, ನಿಧಾನವಾಗಿ ಆದದ್ದಕ್ಕೆ ಪಟ್ಟಿಯ ದಾರಿ. ಎರಡಕ್ಕೂ ಸೇರದವರು ಹೊರಗೆ. ಭಾರತದ 1923ರ ಕಾರ್ಮಿಕ ಪರಿಹಾರ ಕಾಯ್ದೆ ಈ ಎರಡು ದಾರಿಗಳನ್ನೂ ಇದ್ದಂತೆ ತೆಗೆದುಕೊಂಡಿತು. ಆರಂಭದ ಪಟ್ಟಿಯಲ್ಲಿ ಆಂಥ್ರಾಕ್ಸ್, ಸೀಸದ ವಿಷ, ರಂಜಕದ ವಿಷದಂಥ ಬೆರಳೆಣಿಕೆಯ ರೋಗಗಳಿದ್ದವು. 1984ರಲ್ಲಿ ಪಟ್ಟಿ ದೊಡ್ಡದಾಗಿ ಬೆಳೆಯಿತು. ಸದ್ದಿನಿಂದ ಬರುವ ಕಿವುಡು, ಕಸುಬಿನ ಆಸ್ತಮಾ, ಕಲ್ನಾರಿನ ಕ್ಯಾನ್ಸರ್ ಎಲ್ಲ ಅಲ್ಲಿವೆ. ಕಡೆಗೆ ಹಿಮದ ನಾಡಿನಲ್ಲಿ ಕಣ್ಣು ಕೋರೈಸಿ ಬರುವ ಕುರುಡಿಗೂ ಜಾಗವಿದೆ. ಬೆನ್ನುಮೂಳೆಗೆ ಇಲ್ಲ. ಪಟ್ಟಿಯನ್ನು ಓದಿಕೊಂಡು ಹೋದರೆ ಅದರ ಕಣ್ಣೋಟ ತಿಳಿಯುತ್ತದೆ: ವಿಷ, ದೂಳು, ಕಿರಣ, ಸದ್ದು, ಶಾಖ, ಚಳಿ. ಹೊರಗಿನಿಂದ ಮೈಗೆ ತಾಗುವ ವಸ್ತುವೊಂದು ಇದ್ದರಷ್ಟೇ ಅದು ಕಸುಬಿನ ರೋಗ. ಕೆಲಸದ ಭಾರವೇ ವಿಷವಾಗಬಲ್ಲದೆಂಬ ಯೋಚನೆ ಅಲ್ಲಿ ಇಲ್ಲವೇ ಇಲ್ಲ. ಆ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವನ್ನು ಒಳಗೆ ತಂದಿತು, ಒಳ್ಳೆಯದೇ. ರೋಗಗಳ ಪಟ್ಟಿಯನ್ನು ಮಾತ್ರ ಬಹುಮಟ್ಟಿಗೆ ಹಳೆಯದನ್ನೇ ಮುಂದುವರಿಸಿತು.

ಕಾನೂನು ನಿಂತಲ್ಲೇ ನಿಂತಿದ್ದಾಗ ವೈದ್ಯಶಾಸ್ತ್ರ ಎರಡು ಸಲ ದಿಕ್ಕು ಬದಲಿಸಿತು. ಬಾಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ಬೆನ್ನುಮೂಳೆಗಳ ನಡುವಿನ ಡಿಸ್ಕು ಒಡೆದು ನರವನ್ನು ಒತ್ತುವುದರಿಂದ ಕಾಲುನೋವು ಬರುತ್ತದೆಂದು ಶಸ್ತ್ರಚಿಕಿತ್ಸೆಯ ಆಧಾರದಿಂದ ತೋರಿಸಿದರು. ಅಲ್ಲಿಯವರೆಗೆ ಬರೀ ನೋವೆಂದು ಹೇಳಿಕೊಳ್ಳುತ್ತಿದ್ದುದಕ್ಕೆ ಕಣ್ಣಿಗೆ ಕಾಣುವ ಒಡಕು ಸಿಕ್ಕಿತು. ಪಾಶ್ಚಾತ್ಯ ನ್ಯಾಯಾಲಯಗಳಲ್ಲಿ ಬೆನ್ನುನೋವು ‘ಗಾಯ’ವಾಯಿತು. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಜೀವಂತ ಮನುಷ್ಯರ ಡಿಸ್ಕಿನೊಳಗಿನ ಒತ್ತಡ ಅಳೆದು, ಬಗ್ಗಿ ಭಾರ ಎತ್ತಿದಾಗ ಅದು ಎಷ್ಟು ಏರುತ್ತದೆಂದು ತೋರಿಸಿದರು. ಆಮೇಲೆ ಎಂ.ಆರ್.ಐ. ಬಂತು, ಗಾಳಿ ತಿರುಗಿತು. ಬೆನ್ನುನೋವೇ ಇಲ್ಲದ 98 ಜನರನ್ನು ಪರೀಕ್ಷಿಸಿದ 1994ರ ಅಮೆರಿಕದ ಅಧ್ಯಯನದಲ್ಲಿ ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇ 36 ಮಾತ್ರ. ಫಿನ್ಲೆಂಡಿನ ಅವಳಿಗಳ ಮೇಲೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನ, ಡಿಸ್ಕುಗಳ ಸವೆತದಲ್ಲಿ ಕೆಲಸದ ಭಾರಕ್ಕಿಂತ ವಂಶ ಮತ್ತು ಬಾಲ್ಯದ ಪಾಲೇ ದೊಡ್ಡದೆಂದಿತು. ಬೋಯಿಂಗ್ ವಿಮಾನ ಕಾರ್ಖಾನೆಯ ಮೂರು ಸಾವಿರಕ್ಕೂ ಮಿಕ್ಕ ನೌಕರರನ್ನು ಗಮನಿಸಿದ 1991ರ ವರದಿ, ಕೆಲಸದಲ್ಲಿ ತೃಪ್ತಿ ಇಲ್ಲದವರೇ ಬೆನ್ನುನೋವಿನ ದೂರು ಹೆಚ್ಚು ಕೊಡುತ್ತಾರೆಂದಿತು. ಬೆನ್ನು ಕೆಡುವುದು ವಯಸ್ಸಿನಿಂದ, ರಕ್ತದಿಂದ, ಮನಸ್ಸಿನಿಂದ, ಕೆಲಸದಿಂದಲ್ಲ ಎಂದು ವಾದಿಸುವವರಿಗೆ ಈ ಮೂರೂ ಅಸ್ತ್ರಗಳಾದವು.

ಈ ಅಸ್ತ್ರಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಒಂದೊಂದಾಗಿ ತೂಗಬೇಕು. ಎಂ.ಆರ್.ಐ. ಅಧ್ಯಯನ ಹೇಳಿದ್ದು ಚಿತ್ರದಲ್ಲಿ ಕಂಡ ಸವೆತ ನೋವಿಗೆ ಸಾಕ್ಷಿಯಲ್ಲ ಎಂದು. ಸರಿ. ಹಾಗಿದ್ದರೆ ಹಮಾಲನ ಚಿತ್ರದಲ್ಲಿ ‘ವಯೋಸಹಜ ಸವೆತ’ ಕಂಡಿತೆಂದು ಅವನ ಅರ್ಜಿ ತಳ್ಳುವುದಕ್ಕೂ ಆ ಚಿತ್ರ ಸಾಕ್ಷಿಯಾಗದು. ಕತ್ತಿ ಎರಡೂ ಕಡೆ ಕುಯ್ಯುತ್ತದೆ. ಅವಳಿಗಳ ಅಧ್ಯಯನ ಅಳೆದದ್ದು ಫಿನ್ಲೆಂಡಿನ ಕೆಲಸಗಳ ನಡುವಿನ ವ್ಯತ್ಯಾಸವನ್ನು, ಅದೂ ಡಿಸ್ಕಿನ ಚಿತ್ರದಲ್ಲಿ ಕಂಡ ವ್ಯತ್ಯಾಸವನ್ನು. ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ದಿನಕ್ಕೆ ಹತ್ತಾರು ಸಲ ಹಲಗೆ ಹತ್ತುವ ಬದುಕು ಆ ಅಳತೆಯೊಳಗೆ ಇರಲಿಲ್ಲ. ಭಾರದ ಅಂತರವೇ ಕಿರಿದಾಗಿರುವಲ್ಲಿ ವಂಶದ ಪಾಲು ಹಿರಿದಾಗಿ ಕಾಣುವುದು ಸಹಜ. ಅದಕ್ಕಿಂತ ಮುಖ್ಯವಾಗಿ, ಪರಿಹಾರ ಕೊಡುವುದು ಸವೆತಕ್ಕಲ್ಲ, ದುಡಿಯುವ ಶಕ್ತಿ ಹೋದದ್ದಕ್ಕೆ. ಇನ್ನು ಬೋಯಿಂಗ್ ವರದಿ: ಸಂಬಳ ಸಹಿತ ರಜೆ, ವಿಮೆ ಇರುವಲ್ಲಿ ಬೇಸರ ದೂರಿನ ರೂಪದಲ್ಲಿ ಹೊರಬರಬಹುದು. ದೂರು ಕೊಟ್ಟರೆ ನಾಳೆಯ ಕೂಲಿಯೇ ಹೋಗುವಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ, ನೋವನ್ನು ಮುಚ್ಚಿಡುವುದು. ಈ ಮೂರರ ಎದುರು ನಿಲ್ಲುವ ಸಾಕ್ಷ್ಯವೂ ಗಟ್ಟಿಯಾಗಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1997ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಭಾರ ಎತ್ತುವುದಕ್ಕೂ ಇಡೀ ಮೈಯ ಕಂಪನಕ್ಕೂ ಬೆನ್ನಿನ ಕಾಯಿಲೆಗೂ ನಂಟಿದೆ ಎಂಬುದಕ್ಕೆ ಬಲವಾದ ಪುರಾವೆ ಇದೆ ಎಂದಿತು. ಅದೇ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ ಎಲ್ಲ ಅನುಕೂಲ ಇದ್ದಾಗಲೂ ಎತ್ತಬಹುದಾದ ಭಾರ 23 ಕೆಜಿ. ನಮ್ಮ ಸಿಮೆಂಟ್ ಚೀಲ 50 ಕೆಜಿ. ಜಗತ್ತಿನ ಸೊಂಟನೋವಿನಲ್ಲಿ ಶೇ 37ರಷ್ಟು ಕೆಲಸದಿಂದ ಬಂದದ್ದೆಂದು 2005ರ ಒಂದು ಅಂದಾಜು ಹೇಳಿತು. ಉಳಿದ ಶೇ 63 ಬೇರೆ ಕಾರಣದ್ದಲ್ಲವೇ ಎಂದು ಕೇಳಬಹುದು. ಹೌದು. ಆದ್ದರಿಂದಲೇ ಒಬ್ಬೊಬ್ಬರನ್ನೇ ನಿಲ್ಲಿಸಿ ‘ನಿನ್ನದು ಆ ಮೂವತ್ತೇಳರಲ್ಲೋ ಈ ಅರವತ್ತಮೂರರಲ್ಲೋ’ ಎಂದು ಕೇಳುವುದಕ್ಕೆ ಅರ್ಥವಿಲ್ಲ. ಭಾರ ಅತಿಯಾಗಿರುವ ಕಸುಬುಗಳನ್ನು ಹೆಸರಿಸಿ, ಅಲ್ಲಿ ಇಂತಿಷ್ಟು ವರ್ಷ ದುಡಿದವರಿಗೆ ನಂಟನ್ನು ಒಪ್ಪಿಕೊಳ್ಳುವುದೇ ದಾರಿ.

ಯುರೋಪು ಹೋದದ್ದು ಈ ದಾರಿಯಲ್ಲೇ. ಪೂರ್ವ ಜರ್ಮನಿ ಬೆನ್ನಿನ ಸವೆತವನ್ನು ಮೊದಲೇ ಕಸುಬಿನ ರೋಗವೆಂದು ಒಪ್ಪಿತ್ತು. ಎರಡೂ ಜರ್ಮನಿಗಳು ಒಂದಾದ ಮೇಲೆ, 1993ರಿಂದ ಇಡೀ ದೇಶದ ಪಟ್ಟಿಗೆ ಮೂರು ಸಾಲು ಸೇರಿದವು: ವರ್ಷಗಟ್ಟಲೆ ಭಾರ ಎತ್ತಿ, ಹೊತ್ತು, ಅತಿಯಾಗಿ ಬಗ್ಗಿ ಕೆಟ್ಟ ಸೊಂಟದ ಡಿಸ್ಕು, ಹೆಗಲ ಮೇಲೆ ಭಾರ ಹೊತ್ತು ಕೆಟ್ಟ ಕತ್ತಿನ ಡಿಸ್ಕು, ಕುಳಿತಲ್ಲಿ ಕಂಪನ ತಿಂದು ಕೆಟ್ಟ ಸೊಂಟದ ಡಿಸ್ಕು. ಎರಡನೆಯ ಸಾಲು ಬರೆಯುವಾಗ ಅಲ್ಲಿಯವರ ಮನಸ್ಸಿನಲ್ಲಿದ್ದದ್ದು ಮಾಂಸದ ತುಂಡು ಹೊರುವವರು. ನಮ್ಮ ಮಾರುಕಟ್ಟೆಯ ಹಮಾಲರಿಗೆ ಅದು ಒಂದಕ್ಷರ ಬದಲಿಸದೆ ಒಪ್ಪುತ್ತದೆ. ‘ವರ್ಷಗಟ್ಟಲೆ’ ಎಂದರೆ ಸಾಮಾನ್ಯವಾಗಿ ಹತ್ತು ವರ್ಷ. ಎಷ್ಟು ಭಾರವೆಂಬುದಕ್ಕೆ 1999ರಲ್ಲಿ ತಜ್ಞರು ಜೀವಮಾನದ ಭಾರ ಕೂಡಿಸುವ ಲೆಕ್ಕವೊಂದನ್ನು ಕೊಟ್ಟರು. ಅದರ ಗೆರೆ ತೀರ ಮೇಲಿದೆಯೆಂದು ಅಲ್ಲಿನ ಫೆಡರಲ್ ಸಾಮಾಜಿಕ ನ್ಯಾಯಾಲಯ 2007ರಲ್ಲಿ ಅದನ್ನು ಅರ್ಧಕ್ಕಿಳಿಸಿತು. ಕಸುಬನ್ನೇ ಬಿಟ್ಟರೆ ಮಾತ್ರ ಪರಿಹಾರ ಎಂಬ ಕಠಿಣ ಷರತ್ತು 2021ರಲ್ಲಿ ಹೋಯಿತು. ಇಷ್ಟಾದರೂ ಬಹುಪಾಲು ಅರ್ಜಿಗಳು ತಿರಸ್ಕೃತವಾಗುತ್ತವೆ. ಅಷ್ಟರಮಟ್ಟಿಗೆ ಜರ್ಮನಿಯದು ಮಾದರಿಯೂ ಹೌದು, ಎಚ್ಚರಿಕೆಯೂ ಹೌದು: ಲೆಕ್ಕ ಸೂಕ್ಷ್ಮವಾದಷ್ಟೂ ಅದನ್ನು ದಾಟುವವರು ಕಡಿಮೆ. 1999ರ ಫ್ರಾನ್ಸಿನ ನಿಯಮ ಸರಳ. ಡಿಸ್ಕು ಜಾರಿ ಸಯಾಟಿಕಾ ಆಗಿರಬೇಕು, ಐದು ವರ್ಷ ಆ ಕೆಲಸ ಮಾಡಿರಬೇಕು, ಕೆಲಸ ಪಟ್ಟಿಯಲ್ಲಿರಬೇಕು. ಮೂರೂ ಇದ್ದರೆ ನಂಟು ಒಪ್ಪಿದಂತೆಯೇ. ಆ ಪಟ್ಟಿಯಲ್ಲಿ ಸಾಮಾನು ಇಳಿಸುವವರು, ರೋಗಿಗಳನ್ನು ಎತ್ತುವವರ ಜೊತೆಗೆ ಶವಸಂಸ್ಕಾರದ ಕೆಲಸದವರೂ ಇದ್ದಾರೆ. ಹೊರುವುದು ಹೊರುವುದೇ ಎಂದು ಫ್ರೆಂಚರು ನೇರವಾಗಿ ಒಪ್ಪಿದ್ದಾರೆ. ಅಮೆರಿಕ ಇದರ ಎದುರು ದಿಕ್ಕಿಗೆ ಹೋಯಿತು: 2000ದ ನವೆಂಬರಿನಲ್ಲಿ ಬಂದ ದೈಹಿಕ ಶ್ರಮದ ಸುರಕ್ಷತಾ ನಿಯಮವನ್ನು 2001ರ ಮಾರ್ಚಿನಲ್ಲಿ ಅಲ್ಲಿನ ಸಂಸತ್ತೇ ಅಳಿಸಿಹಾಕಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಪಟ್ಟಿ ಮಣಿಕಟ್ಟು, ಮೊಣಕೈ, ಮೊಣಕಾಲುಗಳ ಕಾಯಿಲೆಗಳನ್ನು ಹೆಸರಿಸಿ, ಬೆನ್ನನ್ನು ‘ಇತರೆ’ ಎಂಬ ಸಾಲಿಗೆ ಬಿಟ್ಟಿತು. ನಮ್ಮವರು ಯಾರನ್ನು ನೋಡಿ ಕಲಿಯಬೇಕೆಂಬುದು ಇಲ್ಲಿ ತಾನಾಗಿ ತಿಳಿಯುವ ಸಂಗತಿ.

ಇವತ್ತಿನ ಸ್ಥಿತಿಯಲ್ಲಿ ನಮ್ಮ ಕಾರ್ಮಿಕನಿಗೆ ಎಷ್ಟು ಸಿಗಬಹುದು? ಪಟ್ಟಿಯಲ್ಲಿಲ್ಲದ ರೋಗಕ್ಕೆ 1923ರ ಕಾಯ್ದೆ ಒಂದು ಕಿಂಡಿ ಬಿಟ್ಟಿತ್ತು: ಕೆಲಸದಲ್ಲಾದ ಅಪಘಾತದ ನಿರ್ದಿಷ್ಟ ಗಾಯಕ್ಕೆ ಆ ರೋಗ ನೇರವಾಗಿ ಸೇರಿದ್ದರೆ ಪರಿಹಾರ ಉಂಟು. ಇಂಥ ದಿನ, ಇಂಥ ಲಾರಿಯ ಇಂಥ ಚೀಲ ಎತ್ತುವಾಗ ಸೊಂಟ ಹೋಯಿತೆಂದು ತೋರಿಸಬಲ್ಲವನು ಈ ಕಿಂಡಿಯಲ್ಲಿ ನುಸುಳಬಹುದು. ಇದಕ್ಕೆ ಎಷ್ಟು ಪುರಾವೆ ಬೇಕೆಂಬುದನ್ನು ಹೃದಯಾಘಾತದ ಪ್ರಕರಣಗಳಿಂದ ಊಹಿಸಬಹುದು. ಕೆಲಸದಲ್ಲಿದ್ದಾಗ ಸತ್ತ ಮಾತ್ರಕ್ಕೆ ಸಾಲದು, ಕೆಲಸದ ಒತ್ತಡವೇ ಕಾರಣವೆಂದು ತೋರಬೇಕು ಎಂದು ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. 2012ರ ಕೊನೆಗೆ ತೀರ್ಮಾನವಾದ ಲಾರಿ ಚಾಲಕನೊಬ್ಬನ ಪ್ರಕರಣದಲ್ಲಿ ದೂರದ ಚಾಲನೆಯ ಶ್ರಮವನ್ನೇ ಕಾರಣವೆಂದು ಒಪ್ಪಿತು. ಸಂಭವನೀಯತೆ ಯಾವ ಕಡೆ ವಾಲುತ್ತದೆ ಎಂಬುದೇ ಒರೆಗಲ್ಲು, ನಿಸ್ಸಂದೇಹ ಪುರಾವೆ ಅಲ್ಲ. ಆದರೆ ವಾಲಿಸಲು ಏನಾದರೂ ಕಾಗದ ಬೇಕಲ್ಲ. ಮೊದಲ ದಿನ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ‘ಸೊಂಟನೋವು’ ಎಂದಷ್ಟೇ ಬರೆದಿದ್ದರೆ, ಏನು ಎತ್ತುವಾಗ ಬಂತೆಂದು ಕೇಳಿ ಬರೆಯದಿದ್ದರೆ, ಅರ್ಜಿಯ ಅರ್ಧ ಜೀವ ಅಲ್ಲೇ ಹೋಯಿತು.

ನಂಟು ಸಾಬೀತಾದ ಮೇಲೂ ಮೊತ್ತದ ಜಗಳ ಉಳಿಯುತ್ತದೆ, ಮತ್ತು ಬೆನ್ನಿನ ಪ್ರಕರಣಗಳಲ್ಲಿ ಸೋಲು ಹೆಚ್ಚಾಗಿ ಇಲ್ಲೇ. ಕೈ, ಕಾಲು, ಬೆರಳು ಹೋದರೆ ಇಂತಿಷ್ಟು ಶೇಕಡ ಎಂದು ಕಾನೂನಿನ ಅನುಸೂಚಿಯೇ ಹೇಳುತ್ತದೆ. ಬೆನ್ನು ಅಲ್ಲಿಯೂ ಇಲ್ಲ. ಗಳಿಸುವ ಶಕ್ತಿ ಎಷ್ಟು ಹೋಯಿತೆಂಬ ವೈದ್ಯರ ಅಂದಾಜೇ ಆಧಾರ. ವೈದ್ಯರು ಅಳೆಯುವುದು ಬೆನ್ನು ಎಷ್ಟು ಬಗ್ಗುತ್ತದೆ ಎಂಬುದನ್ನು, ಕಾನೂನು ಕೇಳುವುದು ದುಡಿಮೆ ಎಷ್ಟು ಹೋಯಿತು ಎಂಬುದನ್ನು. ಅಂಗದ ಊನದ ಮೂರನೇ ಒಂದು ಭಾಗವೇ ಇಡೀ ದೇಹದ ಊನವೆಂದು ವಾಹನ ಅಪಘಾತದ ಪ್ರಕರಣಗಳಲ್ಲಿ ನಮ್ಮಲ್ಲಿ ಬೆಳೆದಿರುವ ರೂಢಿ ಇಲ್ಲಿಗೂ ನುಸುಳಿದರೆ ಹಮಾಲ ಸತ್ತಂತೆಯೇ. 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 15,000 ರೂಪಾಯಿ. ನಲವತ್ತು ವಯಸ್ಸಿನವರಿಗೆ ಕಾಯ್ದೆಯ ಗುಣಕ 184.17. ಕೂಲಿಯ ಶೇ 60ನ್ನು ಅದರಿಂದ ಗುಣಿಸಿದರೆ ಪೂರ್ಣ ಶಕ್ತಿನಷ್ಟಕ್ಕೆ 16,57,530 ರೂಪಾಯಿ. ಅದೇ ಮನುಷ್ಯನ ಬೆನ್ನನ್ನು ‘ಇಡೀ ದೇಹಕ್ಕೆ ಶೇ 10’ ಎಂದು ಬರೆದರೆ 1,65,753. ಸುಮಾರು ಹದಿನೈದು ಲಕ್ಷದ ಅಂತರ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಈತ ಇನ್ನು ಚೀಲ ಹೊರಬಲ್ಲನೇ? ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ 1975ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಇದಕ್ಕೆ ಉತ್ತರ ಕೊಟ್ಟಾಗಿದೆ. ಮೊಣಕೈ ಮೇಲಕ್ಕೆ ಎಡಗೈ ಕಳೆದುಕೊಂಡ ಬಡಗಿಯ ಮೊಕದ್ದಮೆ ಅದು. ಒಂದು ಕೈಯಿಂದ ಮರಗೆಲಸ ಆಗದು, ಹಾಗಾಗಿ ಅವನ ನಷ್ಟ ನೂರಕ್ಕೆ ನೂರು ಎಂದರು. ಕಾಲು ಕಳೆದುಕೊಂಡ ಟ್ಯಾಂಕರ್ ಚಾಲಕನಿಗೂ 2008ರಲ್ಲಿ ಇದೇ ಅಳತೆ ಸಂದಿತು. ಅದು ಕರ್ನಾಟಕದಿಂದ ಹೋದ ಮೇಲ್ಮನವಿ. ಮರಗೆಲಸಕ್ಕೆ ಕೈ ಹೇಗೋ ಹಮಾಲಿಗೆ ಬೆನ್ನು ಹಾಗೆ. ಬೇರೆ ಕೆಲಸ ಮಾಡಬಹುದಲ್ಲ ಎಂಬ ಆಕ್ಷೇಪ ಓದುಬರಹ ಬಲ್ಲವರ ಮಟ್ಟಿಗೆ ಸರಿ. ಹದಿನಾರಕ್ಕೇ ಹೊರೆ ಹೊರಲು ಹೋದ ತಾಂಡಾದ ಹುಡುಗನಿಗೆ ನಲವತ್ತಕ್ಕೆ ಕುಳಿತು ಮಾಡುವ ಯಾವ ಕೆಲಸ ಕಾದಿದೆ ಎಂದು ಆಕ್ಷೇಪಿಸುವವರೇ ಹೇಳಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯದು: ಕೊಡುವವರು ಯಾರು? ಇ.ಎಸ್.ಐ. ವ್ಯಾಪ್ತಿಯ ಕಾರ್ಖಾನೆಯ ನೌಕರನಿಗೆ, ಕೆಲಸದ ಹೊತ್ತಿನ ಅಪಘಾತ ಕೆಲಸದಿಂದಲೇ ಆದದ್ದೆಂಬ ಎಣಿಕೆಯೂ ಇದೆ, ಕೊಡುವ ನಿಗಮವೂ ಇದೆ. ತಾಂಡಾದವರಿಗೆ ಅದು ಎಟುಕುವುದಿಲ್ಲ. ಮೇಸ್ತ್ರಿಯ ಕೈಯಲ್ಲಿ ಮುಂಗಡ ಹಿಡಿದು ಗಂಡಹೆಂಡಿರು ಜೋಡಿಯಾಗಿ ಕಬ್ಬಿಗೆ ಹೋಗುವಾಗ ಮಾಲೀಕ ಯಾರು, ಮೇಸ್ತ್ರಿಯೋ, ಗದ್ದೆಯವನೋ, ಕಾರ್ಖಾನೆಯೋ? ಕಾನೂನು ಈ ವಿಷಯದಲ್ಲಿ ನಾವು ಅಂದುಕೊಂಡಷ್ಟು ಬಡವಲ್ಲ. ಗುತ್ತಿಗೆದಾರನ ಮೂಲಕ ತನ್ನ ವ್ಯವಹಾರದ ಕೆಲಸ ಮಾಡಿಸಿಕೊಂಡವನೇ ಮೊದಲ ಹೊಣೆಗಾರ ಎಂಬುದು 1923ರಿಂದಲೂ ಇದೆ. ಆಗೀಗಿನ ಕೂಲಿಯವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿ ಕಿತ್ತುಹಾಕಿತು. ಹಮಾಲರ ವಿಷಯದಲ್ಲಂತೂ ನೆರೆಯ ರಾಜ್ಯಗಳು ಎಂದೋ ಉತ್ತರ ಕಂಡುಕೊಂಡಿವೆ: ಮಹಾರಾಷ್ಟ್ರ 1969ರ ಮಾಥಾಡಿ ಕಾಯ್ದೆಯಿಂದ, ಕೇರಳ 1978ರ ತಲೆಹೊರೆ ಕಾರ್ಮಿಕರ ಕಾಯ್ದೆಯಿಂದ ಮಂಡಳಿಗಳನ್ನು ಕಟ್ಟಿ, ವರ್ತಕರಿಂದ ಕೂಲಿಯ ಜೊತೆಗೇ ವಂತಿಗೆ ವಸೂಲು ಮಾಡಿದವು. ನೂರು ಅಂಗಡಿಗೆ ಹೊರುವವನಿಗೆ ಒಬ್ಬ ಮಾಲೀಕನನ್ನು ಹುಡುಕುವ ಅಗತ್ಯವೇ ಆಗ ಉಳಿಯುವುದಿಲ್ಲ. ಕರ್ನಾಟಕದ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆ ಹಮಾಲರಿಗೆ ಗುರುತಿನ ಚೀಟಿ ಕೊಟ್ಟಿದೆ. ಗುರುತು ಬೇಕಾದದ್ದೇ, ಆದರೆ ಅದರಿಂದ ಯಾರ ಮೇಲೂ ಹೊಣೆ ಹುಟ್ಟುವುದಿಲ್ಲ. ಸರ್ಕಾರದ ಅನುದಾನ ದಯೆಯ ಲೆಕ್ಕಕ್ಕೆ ಹೋಗುತ್ತದೆ. ಪರಿಹಾರ ಭಾರ ಹೊರಿಸಿದವನ ಖರ್ಚಿನ ಲೆಕ್ಕಕ್ಕೆ ಹೋಗಬೇಕು. ಖರ್ಚು ಬಿದ್ದರಷ್ಟೇ ಚೀಲ ಚಿಕ್ಕದಾಗುವುದು, ಹಲಗೆಯ ಬದಲು ಎತ್ತುವ ಯಂತ್ರ ಬರುವುದು. ನೆದರ್ಲೆಂಡ್ಸ್ 1967ರಲ್ಲಿ ಕಾರಣ ಕೇಳದೆ ಅಶಕ್ತರಾದ ಎಲ್ಲ ನೌಕರರಿಗೂ ಒಂದೇ ವಿಮೆ ಮಾಡಿದ್ದು ಮಾನವೀಯ ದಾರಿಯೇ. ಅಷ್ಟು ದೊಡ್ಡ ವಿಮೆ ನಮ್ಮಲ್ಲಿ ಬರುವವರೆಗೆ ಕಾರಣ ಕೇಳುವುದನ್ನು ಬಿಟ್ಟರೆ ಲಾಭ ಮಾಲೀಕನಿಗೆ ಮಾತ್ರ.

ಎರಡೆಕರೆ ಅಡಿಕೆಯ ಸಣ್ಣ ರೈತನ ಕೊರಳಿಗೆ ಇದನ್ನೂ ಕಟ್ಟುವುದೇ ಎಂದು ಚನ್ನಗಿರಿಯಲ್ಲಿ ಕೇಳುವುದು ಖಂಡಿತ. ನ್ಯಾಯವಾದ ಅಳುಕು. ಆದರೆ ಅಲ್ಲಿನ ಎಷ್ಟೋ ತೋಟಗಳ ಫಸಲು ಮರದ ಮೇಲಿರುವಾಗಲೇ ಚೇಣಿದಾರರಿಗೆ ಹೋಗುತ್ತದೆ. ಗೊನೆ ಇಳಿಸುವ, ಹೊರುವ, ಸುಲಿಯುವ ಆಳುಗಳನ್ನು ಹತ್ತಾರು ತೋಟಗಳಿಗೆ ಒಟ್ಟಿಗೆ ಹೂಡುವವರು ಅವರು. ವಿಮೆಯ ಕಂತು ಅವರ ವಹಿವಾಟಿನಲ್ಲಿ ಗೋಣಿಚೀಲದ ಖರ್ಚಿನ ಹಾಗೆ ಒಂದು ಬಾಬತ್ತು. ಸುಳ್ಳು ಅರ್ಜಿಗಳ ಪ್ರವಾಹದ ಭಯಕ್ಕೆ ಫ್ರಾನ್ಸಿನ ಮೂರು ಷರತ್ತುಗಳೇ ಉತ್ತರ. ಬರೀ ನೋವಿಗಲ್ಲ, ನರ ಒತ್ತಿದ ಡಿಸ್ಕಿಗೆ. ಬರೀ ಕೂಲಿಗಲ್ಲ, ಹೆಸರಿಸಿದ ಕೆಲಸಕ್ಕೆ. ಬರೀ ಒಂದು ಹಂಗಾಮಿಗಲ್ಲ, ಐದೋ ಹತ್ತೋ ವರ್ಷಕ್ಕೆ. ಇದರಿಂದ ನಾಟಿಯ ಹೆಂಗಸರ, ಅಡಿಕೆ ಸುಲಿಯುವವರ ಎಷ್ಟೋ ನೋವು ಹೊರಗೇ ಉಳಿಯುತ್ತದೆ ಎಂಬುದು ನಿಜ, ಅದು ಸಣ್ಣ ನಷ್ಟವೂ ಅಲ್ಲ. ಆದರೂ ಮೊದಲ ಸಾಲು ಗಟ್ಟಿಯಾಗಿ ನಿಂತರೆ ಎರಡನೆಯದನ್ನು ಬರೆಯಬಹುದು.

ಆ ಸಾಲನ್ನು ಎಲ್ಲಿ ಬರೆಯುವುದೆಂಬುದರಲ್ಲಿ ಒಂದು ಸಿಕ್ಕಿದೆ. ಹಳೆಯ ಕಾಯ್ದೆ ಮೂರು ತಿಂಗಳ ಮುಂಗಡ ಸೂಚನೆ ಕೊಟ್ಟು ಪಟ್ಟಿಗೆ ಕಸುಬು, ರೋಗ ಸೇರಿಸುವ ಅಧಿಕಾರವನ್ನು ಕೇಂದ್ರಕ್ಕೂ ರಾಜ್ಯಕ್ಕೂ ಕೊಟ್ಟಿತ್ತು. ಹೊಸ ಸಂಹಿತೆಯಲ್ಲೂ ಸೇರಿಸುವ ಅಧಿಕಾರ ಸರ್ಕಾರದ ಕೈಯಲ್ಲೇ ಇದೆ. ಹಳೆಯ ಪಟ್ಟಿಯ ‘ಬಿ’ ಭಾಗದ ರೋಗಕ್ಕೆ ಒಬ್ಬನೇ ಮಾಲೀಕನ ಕೈಕೆಳಗೆ ಆರು ತಿಂಗಳು ಎಡೆಬಿಡದೆ ದುಡಿದಿರಬೇಕು, ಬೇರೆಯವರ ಬಳಿ ಮಾಡಿದ ಅದೇ ಕೆಲಸ ಲೆಕ್ಕಕ್ಕಿಲ್ಲ. ಅಲ್ಲಿ ಸೇರಿಸಿದರೆ ಕಬ್ಬಿನವರು ಹಂಗಾಮು ಮುಗಿದೊಡನೆ, ಹಮಾಲರು ಅಂಗಡಿ ಬದಲಿಸಿದೊಡನೆ ಹೊರಬೀಳುತ್ತಾರೆ. ಬ್ಯಾಗಸೋಸಿಸ್ ಇರುವ ‘ಸಿ’ ಭಾಗದಲ್ಲಿ ಹಲವು ಮಾಲೀಕರ ಕಾಲವನ್ನು ಕೂಡಿಸಬಹುದು, ಹೊಣೆಯನ್ನು ಅವರವರ ನಡುವೆ ಹಂಚಬಹುದು. ಬೆನ್ನು ಸೇರಬೇಕಾದದ್ದು ಅಲ್ಲಿಗೆ, ಹಂಗಾಮುಗಳನ್ನು ಒಂದಕ್ಕೊಂದು ಕೂಡಿಸಿ ಎಣಿಸುವ ಮಾತಿನೊಂದಿಗೆ. ಇನ್ನು ಹತ್ತು ವರ್ಷದ ಭಾರದ ಲೆಕ್ಕ ಎಲ್ಲಿಂದ ತರುವುದೆಂಬ ಕೊನೆಯ ತಕರಾರು. ಜರ್ಮನಿಯವರು ಅಂದಾಜಿನಿಂದ ಕಟ್ಟಬೇಕಾದ ಲೆಕ್ಕ ನಮ್ಮಲ್ಲಿ ಬರೆದಿಟ್ಟೇ ಇದೆ. ಕಬ್ಬು ಕಡಿಯುವವರಿಗೆ ಕೂಲಿ ಕೊಡುವುದು ಟನ್ನಿಗಿಷ್ಟು ಎಂದು. ಪ್ರತಿ ಟ್ರ್ಯಾಕ್ಟರೂ ಕಾರ್ಖಾನೆಯ ತೂಕದ ಸೇತುವೆ ದಾಟಿಯೇ ಒಳಗೆ ಹೋಗುತ್ತದೆ, ಆ ತೂಕದ ಮೇಲೆಯೇ ಗ್ಯಾಂಗಿನ ಬಟವಾಡೆಯಾಗುತ್ತದೆ. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ, ಆ ಚೀಲಗಳು ವರ್ತಕರ ಪುಸ್ತಕದಲ್ಲಿವೆ. ಒಟ್ಟು ತೂಕವನ್ನು ಗ್ಯಾಂಗಿನ ಜನರಿಂದ ಭಾಗಿಸಿದರೆ ಒಬ್ಬೊಬ್ಬರ ತಲೆಯ ಮೇಲೆ ಒಂದು ಹಂಗಾಮಿಗೆ ಎಷ್ಟು ಟನ್ ಹೋಯಿತೆಂದು ಸಿಗುತ್ತದೆ. ಬಟವಾಡೆಯ ಚೀಟಿಯಲ್ಲಿ ಹೆಸರುಗಳನ್ನೂ ಬರೆದು, ಹಂಗಾಮಿನ ಕೊನೆಗೆ ಅದರ ಪ್ರತಿಯನ್ನು ಪ್ರತಿ ಜೋಡಿಯ ಕೈಗೆ ಕೊಡಬೇಕೆಂಬ ಒಂದು ನಿಯಮ ಬಂದರೆ, ಹತ್ತು ಹಂಗಾಮಿನ ಹತ್ತು ಚೀಟಿಗಳೇ ಪರಿಹಾರ ತೀರ್ಮಾನಿಸುವ ಅಧಿಕಾರಿಯ ಮುಂದೆ ಸಾಕ್ಷಿ.